ಅಶೋಕ ಚಕ್ರವರ್ತಿ ಪ್ರಾಣಿ ಸಾಕಣೆಯನ್ನೇ ನಿಷೇಧಿಸಿದ್ದನೇ? ಕೊಪ್ಪಳದ ಬಂಡೆಯಲ್ಲಿ ನಿಜಕ್ಕೂ ಏನಿದೆ?

ಆನೆಗೊಂದಿ ಕಡೆಯ ಓದುಗರೊಬ್ಬರು ನಮಗೆ ಒಂದು ವಾಟ್ಸ್ಆ್ಯಪ್ ಸಂದೇಶ ಕಳಿಸಿದ್ದರು. ಅವರ ಮನೆಯಲ್ಲಿ ಒಂದಿಷ್ಟು ಕುರಿ, ಎರಡು ಆಡು ಮತ್ತು ಮರಿ ಹಾಕುವ ಒಂದು ಹೆಣ್ಣು ನಾಯಿ ಇವೆ. ಮರಿಗಳನ್ನು ಮಾರಿ ಬಂದ ದುಡ್ಡು ಮನೆ ಖರ್ಚಿಗೆ ಒದಗುತ್ತದೆ. ಸಂದೇಶದಲ್ಲಿ ಅಶೋಕ ಚಕ್ರವರ್ತಿಯ ಚಿತ್ರ, ಅದರ ಕೆಳಗೆ ನಾಲ್ಕು ಸಾಲು. ಅಶೋಕ ತನ್ನ ರಾಜ್ಯದಲ್ಲಿ ಎಲ್ಲಾ ಪ್ರಾಣಿಗಳ ವಧೆಯನ್ನು ನಿಷೇಧಿಸಿದ. ಜಗತ್ತಿನ ಮೊದಲ ಪ್ರಾಣಿ ಆಸ್ಪತ್ರೆ ಕಟ್ಟಿಸಿದ. ಪ್ರಾಣಿಗಳನ್ನು ಸಾಕಿ ಮಾರುವುದು ಪಾಪವೆಂದು ಸಾರಿದ. ಇದಕ್ಕೆಲ್ಲ ಸಾಕ್ಷಿ ಕೊಪ್ಪಳದ ಬಂಡೆಗಲ್ಲಿನಲ್ಲಿದೆ. ಕೊನೆಗೆ ಎಂದಿನಂತೆ, ಹತ್ತು ಜನರಿಗೆ ಕಳಿಸಿ ಎಂಬ ಮನವಿ.

ಓದುಗರ ಪ್ರಶ್ನೆ ಸರಳವಾಗಿತ್ತು: ಹಾಗಾದರೆ ನಾವು ಮಾಡುತ್ತಿರುವುದು ತಪ್ಪೇ?

ಪ್ರಶ್ನೆ ಸಣ್ಣದಲ್ಲ. ಕುರಿ, ದನ, ನಾಯಿ, ಕೋಳಿ ಸಾಕಿ ಬದುಕುವ ಲಕ್ಷಾಂತರ ಮನೆಗಳಿಗೆ ಸೇರಿದ ಪ್ರಶ್ನೆ ಇದು. ಉತ್ತರಕ್ಕಾಗಿ ಫಾರ್ವರ್ಡ್ ಬಿಟ್ಟು ಅಶೋಕನ ಬದುಕನ್ನೇ ನೋಡೋಣ. ಅವನ ಬಗ್ಗೆ ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಅವನೇ ಬರೆಯಿಸಿದ ಎರಡು ಶಾಸನಗಳು ಆನೆಗೊಂದಿ ಇರುವ ಕೊಪ್ಪಳ ಜಿಲ್ಲೆಯಲ್ಲೇ ಇವೆ.

ಓದಲು ಪುರುಸೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇವೆ. ಅಶೋಕ ಪ್ರಾಣಿ ಸಾಕಣೆಯನ್ನು ನಿಷೇಧಿಸಲಿಲ್ಲ. ಸಾಕುವವರು ಹೇಗೆ ಸಾಕಬೇಕು ಎಂಬುದಕ್ಕೆ ನಿಯಮ ಮಾಡಿದ. ಈ ಎರಡರ ನಡುವೆ ದೊಡ್ಡ ವ್ಯತ್ಯಾಸವಿದೆ.

ಯಾರು ಈ ಅಶೋಕ?

ಅಶೋಕ ಮೌರ್ಯ ವಂಶದ ಮೂರನೆಯ ದೊರೆ. ಚಂದ್ರಗುಪ್ತ ಮೌರ್ಯನ ಮೊಮ್ಮಗ, ಬಿಂದುಸಾರನ ಮಗ. ರಾಜಧಾನಿ ಪಾಟಲಿಪುತ್ರ, ಅಂದರೆ ಇಂದಿನ ಪಾಟ್ನಾ. ಅವನು ಸುಮಾರು ಕ್ರಿ.ಪೂ. 268ರಿಂದ 232ರವರೆಗೆ ಆಳಿದ ಎಂದು ಇತಿಹಾಸಕಾರರು ಲೆಕ್ಕ ಹಾಕುತ್ತಾರೆ. ಅವನ ರಾಜ್ಯ ಇಂದಿನ ಅಫ್ಘಾನಿಸ್ತಾನದ ಕಂದಹಾರದಿಂದ ನಮ್ಮ ಚಿತ್ರದುರ್ಗದ ಬ್ರಹ್ಮಗಿರಿವರೆಗೆ ಹಬ್ಬಿತ್ತು.

ಅಶೋಕನ ಯೌವನದ ಬಗ್ಗೆ ಓಡಾಡುವ ಕಥೆಗಳಲ್ಲಿ ಹೆಚ್ಚಿನವು ಅವನು ಸತ್ತು ನೂರಾರು ವರ್ಷಗಳ ಮೇಲೆ ಬರೆದ ಬೌದ್ಧ ಗ್ರಂಥಗಳಿಂದ ಬಂದವು. ಸಿಂಹಾಸನಕ್ಕಾಗಿ 99 ಸೋದರರನ್ನು ಕೊಂದ ಎಂಬ ಕಥೆ ಅಂಥದ್ದು. ಆದರೆ ಪಟ್ಟಾಭಿಷೇಕವಾಗಿ 13 ವರ್ಷಗಳಾದ ಮೇಲೆ ಅವನು ಹೊರಡಿಸಿದ ಒಂದು ಶಾಸನದಲ್ಲಿ ತನ್ನ ಸೋದರ ಸೋದರಿಯರ ಮನೆಗಳ ಪ್ರಸ್ತಾಪ ಬರುತ್ತದೆ. ಎಲ್ಲರನ್ನೂ ಕೊಂದಿದ್ದರೆ ಅವರ ಮನೆಗಳ ಉಸ್ತುವಾರಿಗೆ ಅಧಿಕಾರಿಗಳು ಏಕೆ ಬೇಕಾಗುತ್ತಿದ್ದರು? ಮೊದಲು ಮಹಾ ಕ್ರೂರಿ, ಆಮೇಲೆ ಮಹಾ ಕರುಣಾಳು ಎಂದು ಹೇಳಿದರೆ ಮತಾಂತರದ ಮಹಿಮೆ ಹೆಚ್ಚು ಹೊಳೆಯುತ್ತದೆ. ಅದಕ್ಕೇ ಆ ಕಥೆ ಬೆಳೆದಿರಬೇಕು ಎಂಬುದು ಅನೇಕ ಇತಿಹಾಸಕಾರರ ಅಭಿಪ್ರಾಯ.

ಹಾಗಾಗಿ ಈ ಲೇಖನದಲ್ಲಿ ನಾವು ಮುಖ್ಯವಾಗಿ ನಂಬುವುದು ಅಶೋಕ ಬದುಕಿದ್ದಾಗಲೇ ಕಲ್ಲಿನಲ್ಲಿ ಕೆತ್ತಿಸಿದ ಮಾತುಗಳನ್ನು. ಅದು ಕೂಡ ರಾಜನೇ ತನ್ನ ಬಗ್ಗೆ ಹೇಳಿಕೊಂಡದ್ದು ಎಂಬುದು ನೆನಪಿರಲಿ.

ಕಳಿಂಗ: ಒಂದು ಯುದ್ಧ, ಒಂದು ಪಶ್ಚಾತ್ತಾಪ

ಪಟ್ಟಾಭಿಷೇಕವಾಗಿ ಎಂಟು ವರ್ಷಗಳಾದ ಮೇಲೆ, ಸುಮಾರು ಕ್ರಿ.ಪೂ. 260ರಲ್ಲಿ, ಅಶೋಕ ಇಂದಿನ ಒಡಿಶಾ ಕರಾವಳಿಯ ಕಳಿಂಗವನ್ನು ಗೆದ್ದ. 1 ಲಕ್ಷ ಜನ ಸತ್ತರು, 1.5 ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಲಾಯಿತು, ಇನ್ನೂ ಅನೇಕ ಪಟ್ಟು ಜನ ಆಮೇಲೆ ಸತ್ತರು ಎಂದು ಅವನ 13ನೇ ಬಂಡೆಶಾಸನ ಹೇಳುತ್ತದೆ. ಗೆದ್ದ ರಾಜನೇ ತನ್ನ ಗೆಲುವಿನಿಂದಾದ ಸಾವಿನ ಲೆಕ್ಕ ಕೊಟ್ಟು ಅದಕ್ಕೆ ಪಶ್ಚಾತ್ತಾಪ ಪಟ್ಟದ್ದು ಇತಿಹಾಸದಲ್ಲಿ ಬಲು ಅಪರೂಪ.

ಸಿನಿಮಾದಲ್ಲಿ ತೋರಿಸುವಂತೆ ರಣರಂಗದಲ್ಲಿ ಕತ್ತಿ ಎಸೆದು ಅವನು ಒಂದೇ ದಿನದಲ್ಲಿ ಬದಲಾಗಲಿಲ್ಲ. ಇದನ್ನು ಹೇಳುವುದು ಬೇರೆ ಯಾರೂ ಅಲ್ಲ, ನಮ್ಮ ಕೊಪ್ಪಳದ ಬಂಡೆ.

ಕೊಪ್ಪಳದ ಬಂಡೆಗಳಲ್ಲಿ ಏನಿದೆ?

ಕೊಪ್ಪಳದಲ್ಲಿ ಗವಿಮಠದ ಬೆಟ್ಟದಲ್ಲಿ ಒಂದು, ಪಾಲ್ಕಿಗುಂಡು ಬೆಟ್ಟದಲ್ಲಿ ಇನ್ನೊಂದು ಅಶೋಕ ಶಾಸನವಿದೆ. ಎರಡು ಬಂಡೆಗಳ ಮೇಲೆ ಮೂರನೆಯದೊಂದು ಪಲ್ಲಕ್ಕಿಯ ಹಾಗೆ ಕೂತಿರುವುದರಿಂದ ಪಾಲ್ಕಿಗುಂಡು ಎಂಬ ಹೆಸರು. ಈ ಶಾಸನಗಳು ಬೆಳಕಿಗೆ ಬಂದದ್ದು 1931ರಲ್ಲಿ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಈ ಲಿಪಿಯನ್ನು ಓದುವ ಗುಟ್ಟನ್ನು 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬಿಡಿಸಿದ್ದರು. ಆದರೆ ದೇವಾನಾಂಪ್ರಿಯ ಎಂದು ಕರೆದುಕೊಳ್ಳುವ ರಾಜನೇ ಅಶೋಕ ಎಂದು ಹೆಸರು ಸಮೇತ ಖಚಿತಪಡಿಸಿದ್ದು 1915ರಲ್ಲಿ ಪಕ್ಕದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಶಾಸನ. ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಅದನ್ನು ಕಂಡುಹಿಡಿದರು.

ಈಗ ಮುಖ್ಯ ವಿಷಯ. ಕೊಪ್ಪಳದ ಎರಡೂ ಬಂಡೆಗಳಲ್ಲಿ ಪ್ರಾಣಿವಧೆ ನಿಷೇಧದ ಒಂದು ಪದವೂ ಇಲ್ಲ. ಅಲ್ಲಿರುವುದು ಅಶೋಕನ ಸ್ವಂತ ಕಥೆ. ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷಕ್ಕಿಂತ ಹೆಚ್ಚಾಯಿತು, ಮೊದಲ ಒಂದು ವರ್ಷ ಅಂಥ ಶ್ರಮವನ್ನೇನೂ ಹಾಕಲಿಲ್ಲ, ಸಂಘಕ್ಕೆ ಹತ್ತಿರವಾದ ಮೇಲೆ ಕಳೆದ ಒಂದು ವರ್ಷಕ್ಕೂ ಮೀರಿ ನಿಜವಾಗಿ ಶ್ರಮಿಸಿದೆ ಎಂದು ಅವನು ಒಪ್ಪಿಕೊಳ್ಳುತ್ತಾನೆ. ಇದರ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಸಿಗುತ್ತದೆ, ಗಡಿಯಾಚೆಯವರಿಗೂ ಇದು ತಿಳಿಯಲಿ ಎನ್ನುತ್ತಾನೆ.

ಪ್ರಾಣಿದಯೆಯ ಮಾತು ಕರ್ನಾಟಕದಲ್ಲಿ ಸಿಗುವುದು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ನಿಟ್ಟೂರು, ಉದೇಗೋಳದ ಶಾಸನಗಳಲ್ಲಿ. ಅಲ್ಲಿಯೂ ಅದು ನಿಷೇಧವಲ್ಲ, ಬುದ್ಧಿಮಾತು: ತಂದೆತಾಯಿಯ ಮಾತು ಕೇಳಿ, ಜೀವಿಗಳ ಮೇಲೆ ಕರುಣೆ ಇರಲಿ, ಸತ್ಯ ನುಡಿಯಿರಿ. ಬ್ರಹ್ಮಗಿರಿ ಭಾಗಕ್ಕೆ ಈ ಆದೇಶ ಸುವರ್ಣಗಿರಿ ಎಂಬಲ್ಲಿದ್ದ ರಾಜಕುಮಾರನ ಮೂಲಕ ಬಂತು. ಆ ಸುವರ್ಣಗಿರಿ ನಮ್ಮ ಕೊಪ್ಪಳ ಜಿಲ್ಲೆಯ ಕನಕಗಿರಿಯೇ ಇರಬೇಕು ಎನ್ನುವ ವಿದ್ವಾಂಸರಿದ್ದಾರೆ. ಮಸ್ಕಿಯ ಸುತ್ತಮುತ್ತ ಎನ್ನುವವರೂ ಇದ್ದಾರೆ. ಯಾವುದೇ ಆದರೂ ಅಶೋಕನ ದಕ್ಷಿಣದ ಆಡಳಿತ ನಡೆದದ್ದು ನಮ್ಮ ಈ ಬಂಡೆಗಳ ಸೀಮೆಯಲ್ಲೇ. ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ಮಾತಿಗೆ ಇದೂ ಒಂದು ಕಾರಣವಾಗಲಿ.

ರಾಜ ಮೊದಲು ತಿದ್ದಿದ್ದು ತನ್ನ ಅಡುಗೆಮನೆಯನ್ನು

ಅಶೋಕ ಮಾಡಿದ ಮೊದಲ ಬದಲಾವಣೆಗಳು ಅರಮನೆಯ ಒಳಗಿನವು. ಅವನ ಹಿಂದಿನ ರಾಜರು ವಿಹಾರಯಾತ್ರೆ ಹೋಗಿ ಬೇಟೆಯಾಡುತ್ತಿದ್ದರು. ಅವನು ಪಟ್ಟಾಭಿಷೇಕವಾಗಿ ಹತ್ತು ವರ್ಷಗಳಾದ ಮೇಲೆ ಬೋಧಗಯೆಗೆ ಹೋಗಿ ಬಂದು, ಅಂಥ ಪ್ರವಾಸಗಳ ಬದಲು ಧರ್ಮಯಾತ್ರೆ ಆರಂಭಿಸಿದ.

ಮೊದಲ ಬಂಡೆಶಾಸನದಲ್ಲಿ ಅಡುಗೆಮನೆಯ ಲೆಕ್ಕವಿದೆ. ಹಿಂದೆ ಅರಮನೆಯ ಸಾರಿಗಾಗಿ ದಿನಕ್ಕೆ ಲಕ್ಷಗಟ್ಟಲೆ ಪ್ರಾಣಿಗಳನ್ನು ಕೊಲ್ಲುತ್ತಿದ್ದರಂತೆ. ಶಾಸನ ಬರೆಯುವ ಹೊತ್ತಿಗೆ ಮೂರೇ ಉಳಿದಿದ್ದವು: ಎರಡು ನವಿಲು, ಒಂದು ಜಿಂಕೆ. ಅದರಲ್ಲೂ ಜಿಂಕೆ ಪ್ರತಿದಿನ ಇರುತ್ತಿರಲಿಲ್ಲ. ಮುಂದೆ ಇವನ್ನೂ ಕೊಲ್ಲುವುದಿಲ್ಲ ಎಂದು ಅವನು ಮಾತು ಕೊಡುತ್ತಾನೆ. ಲಕ್ಷದ ಲೆಕ್ಕ ಹಿಗ್ಗಿಸಿದ್ದಿರಬಹುದು, ಆದರೆ ಮೂರರ ಲೆಕ್ಕದಲ್ಲಿ ಒಂದು ಪ್ರಾಮಾಣಿಕತೆ ಇದೆ. ನನ್ನ ಮನೆಯಲ್ಲಿ ಇನ್ನೂ ಪೂರ್ತಿ ನಿಂತಿಲ್ಲ ಎಂದು ಚಕ್ರವರ್ತಿಯೊಬ್ಬ ಊರೂರಿನ ಕಲ್ಲಿನಲ್ಲಿ ಬರೆಯಿಸಿದ್ದಾನೆ.

ಅದೇ ಶಾಸನ ಯಜ್ಞಕ್ಕಾಗಿ ಪ್ರಾಣಿ ಬಲಿ ಕೊಡಬಾರದು ಎನ್ನುತ್ತದೆ. ಕಂದಹಾರದಲ್ಲಿ 1958ರಲ್ಲಿ ಪತ್ತೆಯಾದ ಗ್ರೀಕ್ ಮತ್ತು ಅರಾಮಿಕ್ ಭಾಷೆಗಳ ಶಾಸನದ ಪ್ರಕಾರ, ರಾಜನನ್ನು ನೋಡಿ ಅವನ ಬೇಟೆಗಾರರೂ ಮೀನುಗಾರರೂ ತಮ್ಮ ಕಸುಬು ನಿಲ್ಲಿಸಿದರು. ಅಲ್ಲಿ ಮಾತು ರಾಜನ ಬೇಟೆಗಾರರದ್ದೇ ಹೊರತು ನಾಡಿನ ಎಲ್ಲರದ್ದಲ್ಲ.

ಜಗತ್ತಿನ ಮೊದಲ ಪ್ರಾಣಿ ಆಸ್ಪತ್ರೆ?

ಫಾರ್ವರ್ಡ್‌ನಲ್ಲಿ ಅತಿ ಹೆಚ್ಚು ಓಡುವ ಮಾತು ಇದು. ಇದರಲ್ಲಿ ಅರ್ಧ ನಿಜವಿದೆ.

ಎರಡನೆಯ ಬಂಡೆಶಾಸನದಲ್ಲಿ ಅಶೋಕ ಎರಡು ಬಗೆಯ ಚಿಕಿತ್ಸೆ ಏರ್ಪಡಿಸಿದ್ದಾಗಿ ಹೇಳುತ್ತಾನೆ: ಮನುಷ್ಯರಿಗೆ ಮತ್ತು ಪಶುಗಳಿಗೆ. ಎಲ್ಲೆಲ್ಲಿ ಔಷಧಿ ಗಿಡ, ಬೇರು, ಹಣ್ಣು ಇರಲಿಲ್ಲವೋ ಅಲ್ಲಿಗೆ ತರಿಸಿ ನೆಡಿಸಿದ. ದಾರಿಯುದ್ದಕ್ಕೂ ಬಾವಿ ತೋಡಿಸಿದ, ಮರ ಹಾಕಿಸಿದ. ಅದೂ ಮನುಷ್ಯರ ಮತ್ತು ಪಶುಗಳ ಉಪಯೋಗಕ್ಕೆ. ತನ್ನ ರಾಜ್ಯದಲ್ಲಿ ಮಾತ್ರವಲ್ಲ, ಚೋಳ, ಪಾಂಡ್ಯ, ಸತಿಯಪುತ್ರ, ಕೇರಳಪುತ್ರರ ನಾಡುಗಳಲ್ಲಿ, ಶ್ರೀಲಂಕೆಯವರೆಗೆ, ಅತ್ತ ಗ್ರೀಕ್ ದೊರೆ ಆಂಟಿಯೋಕಸ್‌ನ ಸೀಮೆಯಲ್ಲೂ ಈ ಏರ್ಪಾಟು ಮಾಡಿದ್ದಾಗಿ ಹೇಳಿಕೊಳ್ಳುತ್ತಾನೆ.

ಶಾಸನದಲ್ಲಿರುವ ಪದ ಚಿಕಿತ್ಸೆ. ಆಸ್ಪತ್ರೆ ಎಂಬ ಕಟ್ಟಡದ ಮಾತು ಅಲ್ಲಿಲ್ಲ, ಜಗತ್ತಿನಲ್ಲೇ ಮೊದಲು ಎಂಬ ಮಾತೂ ಇಲ್ಲ. ಆದರೆ ಪಶುವಿನ ಕಾಯಿಲೆ ಸರ್ಕಾರದ ಜವಾಬ್ದಾರಿ ಎಂದು ಒಬ್ಬ ರಾಜ 2,250 ವರ್ಷಗಳಿಗೂ ಹಿಂದೆ ಬರೆಯಿಸಿದ್ದು ಚಿಕ್ಕ ವಿಷಯವೇನಲ್ಲ. ಅದನ್ನು ಉಬ್ಬಿಸಿ ಹೇಳುವ ಅಗತ್ಯವೇ ಇಲ್ಲ.

ಒಂದು ಸೂಕ್ಷ್ಮ ಗಮನಿಸಿ. ಚಿಕಿತ್ಸೆ ಬೇಕಾಗುವುದು ಯಾವ ಪಶುವಿಗೆ? ಮುಖ್ಯವಾಗಿ ಮನುಷ್ಯರ ಜೊತೆ ಇರುವ ಎತ್ತು, ಕುದುರೆ, ಆನೆ, ಕುರಿಗಳಿಗೆ. ದಾರಿಯ ಬಾವಿಯಲ್ಲಿ ನೀರು ಕುಡಿಯುವುದು ಬಂಡಿ ಎಳೆಯುವ ಎತ್ತು. ಅಂದರೆ ಅಶೋಕನ ನೆರವು ತಲುಪಿದ್ದು ಪ್ರಾಣಿಗೂ, ಅದನ್ನು ಸಾಕಿದವನಿಗೂ.

26 ವರ್ಷಗಳ ನಂತರದ ಆಜ್ಞೆ: ಸಾಕುವವರಿಗೆಂದೇ ಬರೆದದ್ದು

ಪಟ್ಟಾಭಿಷೇಕವಾಗಿ 26 ವರ್ಷಗಳಾದ ಮೇಲೆ, ಸುಮಾರು ಕ್ರಿ.ಪೂ. 243ರಲ್ಲಿ, ಅಶೋಕ ಪ್ರಾಣಿಗಳ ಬಗ್ಗೆ ತನ್ನ ಅತಿ ವಿವರವಾದ ಆದೇಶ ಹೊರಡಿಸಿದ. ಇದು ಐದನೆಯ ಸ್ತಂಭಶಾಸನ. ಇದು ಸಿಗುವುದು ಉತ್ತರ ಭಾರತದ ಕಂಬಗಳ ಮೇಲೆ. ಅವುಗಳಲ್ಲಿ ಎರಡು ಕಂಬಗಳು ಈಗ ದೆಹಲಿಯಲ್ಲಿವೆ. ಕೊಪ್ಪಳದಲ್ಲಿ ಇದರ ಪ್ರತಿ ಇಲ್ಲ.

ಆದೇಶದ ಮೊದಲ ಭಾಗದಲ್ಲಿ ಕೊಲ್ಲಬಾರದ ಜೀವಿಗಳ ಪಟ್ಟಿ ಇದೆ. ಗಿಳಿ, ಗೊರವಂಕ, ಚಕ್ರವಾಕ, ಹಂಸ, ಬಾವಲಿ, ಆಮೆ, ಮುಳ್ಳುಹಂದಿ, ಪಾರಿವಾಳ, ಘೇಂಡಾಮೃಗ, ಕೆಲವು ಮೀನುಗಳು, ರಾಣಿ ಇರುವೆ ಕೂಡ. ಪಟ್ಟಿಯ ಕೊನೆಗೆ, ಬಳಕೆಗೂ ಬಾರದ, ತಿನ್ನಲೂ ಆಗದ ಎಲ್ಲಾ ನಾಲ್ಕು ಕಾಲಿನ ಪ್ರಾಣಿಗಳು ಎಂದಿದೆ. ಈ ಸಾಲೇ ಫಾರ್ವರ್ಡ್‌ಗೆ ಉತ್ತರ. ಬಳಕೆಗೆ ಬರುವ, ತಿನ್ನುವ ಪ್ರಾಣಿಗಳು ಇರುತ್ತವೆ ಎಂದು ಆದೇಶವೇ ಒಪ್ಪಿಕೊಂಡಿದೆ. ಹರಕೆಗೆ ಬಿಟ್ಟ ಗೂಳಿ ಎಂದು ವಿದ್ವಾಂಸರು ಅರ್ಥೈಸುವ ಹೆಸರು ಪಟ್ಟಿಯಲ್ಲಿದೆ, ಆದರೆ ಹಸುವಿನ ಹೆಸರು ಪ್ರತ್ಯೇಕವಾಗಿ ಇಲ್ಲ. ಇದನ್ನು ಇಂದಿನ ಯಾವ ವಾದದ ಪರವಾಗಿಯೂ ವಿರುದ್ಧವಾಗಿಯೂ ನಾವು ಎಳೆಯುತ್ತಿಲ್ಲ, ಕಲ್ಲಿನಲ್ಲಿ ಇರುವುದನ್ನಷ್ಟೇ ಹೇಳುತ್ತಿದ್ದೇವೆ.

ಎರಡನೆಯ ಭಾಗ ನೇರವಾಗಿ ಸಾಕುವವರಿಗೆ. ಅದರ ಸಾರ ಹೀಗಿದೆ:

- ಗಬ್ಬವಾದ ಅಥವಾ ಹಾಲೂಡಿಸುವ ಆಡು, ಕುರಿ, ಹಂದಿಯನ್ನು ಕೊಲ್ಲಬಾರದು. ಆರು ತಿಂಗಳೊಳಗಿನ ಅವುಗಳ ಮರಿಗಳನ್ನೂ ಕೊಲ್ಲಬಾರದು.
- ಹುಂಜದ ಬೀಜ ತೆಗೆಯಬಾರದು.
- ಜೀವಿಗಳಿರುವ ಹೊಟ್ಟಿಗೆ ಬೆಂಕಿ ಇಡಬಾರದು. ಕಾರಣವಿಲ್ಲದೆ ಅಥವಾ ಪ್ರಾಣಿಗಳನ್ನು ಕೊಲ್ಲಲೆಂದು ಕಾಡು ಸುಡಬಾರದು.
- ಒಂದು ಜೀವಿಗೆ ಇನ್ನೊಂದು ಜೀವಿಯನ್ನು ಆಹಾರವಾಗಿ ಹಾಕಬಾರದು.
- ಗೊತ್ತುಮಾಡಿದ ಹುಣ್ಣಿಮೆ ಮತ್ತು ಉಪವಾಸದ ದಿನಗಳಲ್ಲಿ ಮೀನು ಹಿಡಿಯಬಾರದು, ಮಾರಬಾರದು.
- ಪ್ರತಿ ಪಕ್ಷದ ಅಷ್ಟಮಿ, ಚತುರ್ದಶಿ, ಹುಣ್ಣಿಮೆ ಅಥವಾ ಅಮಾವಾಸ್ಯೆ ಮತ್ತು ಹಬ್ಬದ ದಿನಗಳಲ್ಲಿ ಹೋರಿ, ಹೋತ, ಟಗರು, ಹಂದಿಗಳ ಬೀಜ ಒಡೆಯಬಾರದು.
- ಕೆಲವು ಗೊತ್ತಾದ ದಿನಗಳಲ್ಲಿ ಕುದುರೆ ಮತ್ತು ಎತ್ತಿಗೆ ಬರೆ ಹಾಕಬಾರದು.

ಓದಿದರೆ ತಿಳಿಯುತ್ತದೆ, ಇದನ್ನು ಬರೆಯಿಸಿದವರಿಗೆ ಕೊಟ್ಟಿಗೆಯ ಪರಿಚಯವಿತ್ತು. ಬೀಜ ಒಡೆಯದೆ ಹೋರಿ ಎತ್ತಾಗುವುದಿಲ್ಲ, ಎತ್ತಿಲ್ಲದೆ ಉಳುಮೆ ಇಲ್ಲ ಎಂಬುದು ಗೊತ್ತಿತ್ತು. ಅದಕ್ಕೇ ಅದನ್ನು ಪೂರ್ತಿ ನಿಲ್ಲಿಸದೆ, ದಿನಗಳಿಗೆ ಮಿತಿ ಹಾಕಿದರು. ನಮ್ಮ ಕಡೆ ಸೋಮವಾರ ಎತ್ತು ಹೂಡದ ರೈತರು, ಮಣ್ಣೆತ್ತಿನ ಅಮಾವಾಸ್ಯೆ ಮಾಡುವ ಮನೆಗಳು ಇಂದಿಗೂ ಇವೆ. ಅದು ಅಶೋಕನಿಂದ ಬಂತು ಎಂದು ನಾವು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಫಾರ್ವರ್ಡ್ ಮಾಡಬೇಡಿ. ಆದರೆ ದುಡಿಯುವ ಪ್ರಾಣಿಗೆ ಕ್ಯಾಲೆಂಡರ್‌ನಲ್ಲಿ ಒಂದು ಬಿಡುವು ಇರಬೇಕು ಎಂಬ ವಿಚಾರ ಎರಡರಲ್ಲೂ ಒಂದೇ.

ಈ ನಿಯಮಗಳ ಬಗ್ಗೆ ವಿಜ್ಞಾನ ಏನು ಹೇಳುತ್ತದೆ?

ಅಶೋಕನಿಗೆ ಇಂದಿನ ಪಶುವೈದ್ಯ ವಿಜ್ಞಾನ ಗೊತ್ತಿರಲಿಲ್ಲ. ಆದರೂ ಅವನು ಬೊಟ್ಟು ಮಾಡಿದ ಕಡೆಗಳಲ್ಲೆಲ್ಲ ನಿಜವಾದ ನೋವಿದೆ.

ಹುಂಜದ ವಿಷಯ ನೋಡಿ. ಹೋರಿ, ಟಗರಿನ ಹಾಗೆ ಹಕ್ಕಿಗಳ ವೃಷಣ ಹೊರಗೆ ಇರುವುದಿಲ್ಲ, ಹೊಟ್ಟೆಯೊಳಗೆ ಬೆನ್ನಿನ ಹತ್ತಿರ ಇರುತ್ತದೆ. ತೆಗೆಯಬೇಕೆಂದರೆ ಪಕ್ಕೆ ಕೊಯ್ಯಬೇಕು. ಅರಿವಳಿಕೆ ಇಲ್ಲದ ಕಾಲದಲ್ಲಿ ಅದು ಎಂಥ ಹಿಂಸೆ ಎಂದು ಊಹಿಸಬಹುದು. ಹೋರಿಯ ಬೀಜ ಒಡೆಯಲು ದಿನಗಳ ಮಿತಿ ಹಾಕಿದ ಅಶೋಕ ಹುಂಜದ ವಿಷಯದಲ್ಲಿ ಮಾತ್ರ ದಿನಗಳ ಲೆಕ್ಕವಿಲ್ಲದೆ ಬೇಡವೆಂದ.

ಮರಿ ಮತ್ತು ಹಾಲೂಡಿಸುವ ತಾಯಿಯ ವಿಷಯ. ಕುರಿ, ಆಡು, ದನಗಳಲ್ಲಿ ರೋಗನಿರೋಧಕ ಪ್ರತಿಕಾಯಗಳು ಗರ್ಭದಲ್ಲಿರುವಾಗ ಮರಿಗೆ ದಾಟುವುದಿಲ್ಲ. ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ ಕುಡಿಯುವ ಗಿಣ್ಣು ಹಾಲಿನಿಂದಲೇ ಅವು ಸಿಗಬೇಕು. 24 ಗಂಟೆ ಕಳೆದರೆ ಕರುಳು ಅವನ್ನು ಹೀರಿಕೊಳ್ಳುವುದು ಬಹುತೇಕ ನಿಂತುಹೋಗುತ್ತದೆ. ಗಿಣ್ಣು ಕುಡಿದರೆ ಕರುವಿಗೆ ಭೇದಿ ಎಂದು ಹಿಂಡಿ ಚೆಲ್ಲುವ, ಇಲ್ಲವೇ ಎಲ್ಲವನ್ನೂ ಮನೆಗೆ ಕಾಯಿಸಿಕೊಳ್ಳುವ ಅಭ್ಯಾಸ ಕೆಲವೆಡೆ ಇದೆ. ಮೊದಲ ಪಾಲು ಕರುವಿನದು, ಮಿಕ್ಕದ್ದು ಮನೆಯವರದು.

ಇನ್ನು ಬರೆ. ಗುರುತಿಗಾಗಿ ಹಾಕುವ ಬರೆಗಿಂತ ನಮ್ಮ ಹಳ್ಳಿಗಳಲ್ಲಿ ಹೆಚ್ಚು ಕಾಣುವುದು ಕಾಯಿಲೆಗೆ ಹಾಕುವ ಬರೆ. ಕೆಚ್ಚಲು ಬಾವು, ಕುಂಟು, ಹೊಟ್ಟೆ ಉಬ್ಬರ, ಮೈಮೇಲೆ ಗಂಟು, ಎಲ್ಲಕ್ಕೂ ಕಾದ ಕಬ್ಬಿಣ. ಇದರಿಂದ ಯಾವ ಸೋಂಕು ರೋಗವೂ ವಾಸಿಯಾಗುವುದಿಲ್ಲ. ಚರ್ಮ ಗಂಟು ರೋಗವನ್ನೇ ತೆಗೆದುಕೊಳ್ಳಿ. ಅದು ಸಿಡುಬಿನ ಜಾತಿಯ ಒಂದು ವೈರಸ್‌ನಿಂದ ಬರುತ್ತದೆ, ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳಿಂದ ಹರಡುತ್ತದೆ. ವೈರಸ್ ಇರುವುದು ಮೈಯೊಳಗೆ, ಬರೆ ಸುಡುವುದು ಚರ್ಮವನ್ನು. ಸುಟ್ಟ ಗಾಯಕ್ಕೆ ನೊಣ ಮುತ್ತಿ ಹುಳ ಬೀಳುವುದೊಂದೇ ಹೆಚ್ಚುವರಿ ಲಾಭ. ಬರೆ ಹಾಕಿದ ಮೇಲೆ ದನ ಚೇತರಿಸಿಕೊಂಡಿತು ಎಂದರೆ, ಅದು ಬರೆ ಹಾಕದಿದ್ದರೂ ಚೇತರಿಸಿಕೊಳ್ಳುತ್ತಿತ್ತು. ಇದಕ್ಕೆ ಲಸಿಕೆ ಇದೆ, ಅದೇ ದಾರಿ.

ಬೀಜ ಒಡೆಯುವುದಕ್ಕೂ ಈಗ ಕಲ್ಲು ಕೋಲು ಬೇಕಾಗಿಲ್ಲ. ಬರ್ಡಿಜೊ ಎಂಬ ಇಕ್ಕಳದಿಂದ ಚರ್ಮ ಕೊಯ್ಯದೆ ಒಳಗಿನ ನಾಳವನ್ನಷ್ಟೇ ಅದುಮಬಹುದು. ಅದೂ ನೋವಿನದೇ. ಆದ್ದರಿಂದ ಪಶುವೈದ್ಯರಿಂದ ಅರಿವಳಿಕೆ ಕೊಡಿಸಿಯೇ ಮಾಡಿಸಬೇಕು.

ಆಜ್ಞೆಗಿಂತ ಮನವೊಲಿಕೆ ದೊಡ್ಡದು

ಅಶೋಕನ ಬದುಕಿನ ಅತಿ ಮುಖ್ಯ ಪಾಠ ಬರುವುದು ಇದರ ಮರುವರ್ಷ. ಏಳನೆಯ ಸ್ತಂಭಶಾಸನದಲ್ಲಿ ಅವನು ತನ್ನ ಕೆಲಸವನ್ನು ಹಿಂತಿರುಗಿ ನೋಡುತ್ತಾನೆ. ಜನರಲ್ಲಿ ಧರ್ಮ ಬೆಳೆದದ್ದು ಎರಡು ದಾರಿಯಿಂದ, ಒಂದು ಕಟ್ಟಳೆ, ಇನ್ನೊಂದು ಮನವೊಲಿಕೆ ಎನ್ನುತ್ತಾನೆ. ಇಂತಿಂಥ ಪ್ರಾಣಿ ಕೊಲ್ಲಬಾರದು ಎಂದು ಕಟ್ಟಳೆ ಮಾಡಿದ್ದು ನಿಜ, ಆದರೆ ಅದರಿಂದ ಆದದ್ದು ಕಡಿಮೆ, ಮನವೊಲಿಕೆಯಿಂದ ಆದದ್ದೇ ಹೆಚ್ಚು ಎಂದು ಒಪ್ಪಿಕೊಳ್ಳುತ್ತಾನೆ.

ಯೋಚಿಸಿ. ಭಾರತದ ಬಹುಭಾಗವನ್ನು ಆಳಿದ, ಸೈನ್ಯ, ಅಧಿಕಾರಿಗಳು, ಸೆರೆಮನೆ ಎಲ್ಲವೂ ಕೈಯಲ್ಲಿದ್ದ ರಾಜ, ತನ್ನ ಆಜ್ಞೆಯಿಂದ ಹೆಚ್ಚೇನೂ ಆಗಲಿಲ್ಲ ಎಂದು ಹೇಳುತ್ತಿದ್ದಾನೆ. ಪ್ರತಿ ಕೊಟ್ಟಿಗೆಯ ಬಾಗಿಲಿಗೆ ಒಬ್ಬ ಅಧಿಕಾರಿಯನ್ನು ನಿಲ್ಲಿಸಲು ಯಾವ ಚಕ್ರವರ್ತಿಗೂ ಆಗದು. ರಾತ್ರಿ ಈಯುವ ಕುರಿಯ ಪಕ್ಕದಲ್ಲಿ ಕೂರುವುದು ಅದನ್ನು ಸಾಕಿದವರು ಮಾತ್ರ. ಅವರನ್ನು ಪಾಪಿಗಳೆಂದು ಬೈದರೆ ಪ್ರಾಣಿಗೆ ಏನೂ ಸಿಗುವುದಿಲ್ಲ. ಅವರಿಗೆ ತಿಳಿವಳಿಕೆ, ಔಷಧಿ, ನೀರು ತಲುಪಿಸಿದರೆ ಅದು ನೇರ ಪ್ರಾಣಿಗೆ ತಲುಪುತ್ತದೆ.

ಅಶೋಕನ ಕೊನೆಯ ದಿನಗಳ ಬಗ್ಗೆ ಶಾಸನಗಳು ಮೌನವಾಗಿವೆ. ಅಧಿಕಾರ ಕೈತಪ್ಪಿದ ಮುದಿ ರಾಜನ ಬಳಿ ದಾನ ಮಾಡಲು ಕೊನೆಗೆ ಅರ್ಧ ನೆಲ್ಲಿಕಾಯಿ ಮಾತ್ರ ಉಳಿದಿತ್ತು, ಅದನ್ನೂ ಸಂಘಕ್ಕೆ ಕಳಿಸಿದ ಎಂದು ಅಶೋಕಾವದಾನ ಎಂಬ ಗ್ರಂಥ ಹೇಳುತ್ತದೆ. ಇದು ದಂತಕಥೆ. ಅವನು ತೀರಿಕೊಂಡ ಸುಮಾರು 50 ವರ್ಷಗಳಲ್ಲಿ ಮೌರ್ಯ ಸಾಮ್ರಾಜ್ಯವೂ ಮುಗಿಯಿತು. ಉಳಿದದ್ದು ಕಲ್ಲುಗಳು. ಅವನ್ನು ಓದುವವರೂ ಇಲ್ಲದೆ ಶತಮಾನಗಳೇ ಕಳೆದವು.

ಅವನ ಸಾರನಾಥದ ಸ್ತಂಭದ ತುದಿಯನ್ನು 1950ರ ಜನವರಿ 26ರಂದು ಭಾರತ ತನ್ನ ಲಾಂಛನವಾಗಿ ತೆಗೆದುಕೊಂಡಿತು. ಸಿಂಹಗಳನ್ನು ಎಲ್ಲರೂ ಬಲ್ಲರು. ಅವುಗಳ ಕಾಲಡಿಯ ಪೀಠವನ್ನು ಒಮ್ಮೆ ನೋಡಿ, ಚಕ್ರದ ಒಂದು ಕಡೆ ಎತ್ತು, ಇನ್ನೊಂದು ಕಡೆ ಕುದುರೆ ಕಾಣುತ್ತವೆ. ಯಾವುದಕ್ಕೆ ಬರೆ ಹಾಕುವ ದಿನಗಳಿಗೆ ಅಶೋಕ ಮಿತಿ ಹಾಕಿದನೋ ಅವೇ ಎರಡು ಪ್ರಾಣಿಗಳು. ಮೂಲ ಕಲ್ಲಿನಲ್ಲಿ ಆನೆಯೂ ಇದೆ, ಚಿತ್ರದಲ್ಲಿ ಹಿಂಬದಿಗೆ ಹೋಗಿ ಮರೆಯಾಗಿದೆ. ಹೆಸರಿನಲ್ಲೇ ಆನೆ ಇಟ್ಟುಕೊಂಡ ಊರಿನವರು ಇದನ್ನು ನೆನಪಿಡಬಹುದು.

ಇಂದು ಸಾಕುವವರು ತಿಳಿದಿರಬೇಕಾದದ್ದು

ಇಂದಿನ ಕಾನೂನು ಕೂಡ ಸಾಕಣೆಯನ್ನು ನಿಷೇಧಿಸುವುದಿಲ್ಲ, ಹೇಗೆ ಸಾಕಬೇಕೆಂದು ಹೇಳುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ದಾರಿ ಮಾಡಿದವರು ನೃತ್ಯ ಕಲಾವಿದೆ, ರಾಜ್ಯಸಭಾ ಸದಸ್ಯೆ ರುಕ್ಮಿಣಿ ದೇವಿ ಅರುಂಡೇಲ್. 1962ರಲ್ಲಿ ಶುರುವಾದ ಪ್ರಾಣಿ ಕಲ್ಯಾಣ ಮಂಡಳಿಯ ಮೊದಲ ಅಧ್ಯಕ್ಷೆ ಕೂಡ ಅವರೇ. ಬೀಜ ಒಡೆಯುವುದು, ಬರೆ ಹಾಕುವುದು, ಕೊಂಬು ತೆಗೆಯುವುದು, ಮೂಗುದಾರ ಹಾಕುವುದನ್ನು ಈ ಕಾಯ್ದೆ ಪೂರ್ತಿ ನಿಷೇಧಿಸಿಲ್ಲ, ಗೊತ್ತುಪಡಿಸಿದ ಕ್ರಮದಲ್ಲೇ ಮಾಡಬೇಕು ಎನ್ನುತ್ತದೆ. ಮೊದಲೆರಡು ಅಶೋಕನ ಪಟ್ಟಿಯಲ್ಲೇ ಇದ್ದವು! ಈ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ದಂಡದ ಹೆದರಿಕೆಯಿಂದ ಯಾರೂ ಬದಲಾಗುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ನಾಯಿ ಮರಿ ಮಾರುವವರಿಗೆ 2017ರ ನಿಯಮಗಳಿವೆ. ಹೆಣ್ಣು ನಾಯಿಗೆ 18 ತಿಂಗಳು ತುಂಬುವ ಮೊದಲು ಮರಿ ಹಾಕಿಸಬಾರದು. 12 ತಿಂಗಳಲ್ಲಿ ಒಂದೇ ಸಲ, ಜೀವಮಾನದಲ್ಲಿ ಐದು ಸಲ, ಅದಕ್ಕಿಂತ ಹೆಚ್ಚು ಬೇಡ. ಎಂಟು ವಾರ ತುಂಬದ ಮರಿಯನ್ನು ಮಾರಬಾರದು. ಇದು ಸುಮ್ಮನೆ ಹಾಕಿದ ಲೆಕ್ಕವಲ್ಲ. ಮರಿಗಳು ಒಡಹುಟ್ಟಿದವರ ಜೊತೆ ಆಡುತ್ತಾ ಎಷ್ಟು ಬಿಗಿಯಾಗಿ ಕಚ್ಚಬಾರದು ಎಂದು ಕಲಿಯುವುದು ಈ ವಾರಗಳಲ್ಲೇ. ಬೇಗ ಬೇರ್ಪಟ್ಟ ಮರಿ ಮುಂದೆ ಅಂಜುಬುರುಕ ಅಥವಾ ಕಚ್ಚುವ ನಾಯಿ ಆಗುವ ಸಾಧ್ಯತೆ ಹೆಚ್ಚು. ಎಂಟು ವಾರ ಕಾಯುವುದು ಮರಿಗೆ ಒಳ್ಳೆಯದು, ಕೊಂಡವರಿಗೆ ಒಳ್ಳೆಯದು, ಮಾರಿದವರ ಹೆಸರಿಗೂ ಒಳ್ಳೆಯದು.

ಪಂಜರದ ಗಿಳಿಯ ವಿಷಯ ಬೇರೆ. ನಮ್ಮ ಕಾಡಿನ ಗಿಳಿ, ನಕ್ಷತ್ರ ಆಮೆಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಜೈಲು ಶಿಕ್ಷೆಯೂ ಆಗಬಹುದು. ಅವು ಸಾಕುಪ್ರಾಣಿಗಳಲ್ಲ, ಹಿಡಿದು ತಂದ ಕಾಡುಪ್ರಾಣಿಗಳು.

ದನ, ಕುರಿ, ನಾಯಿಗೆ ಹುಷಾರಿಲ್ಲದಿದ್ದರೆ 1962 ಸಂಖ್ಯೆಗೆ ಕರೆ ಮಾಡಿ. ಇದು ಸಂಚಾರಿ ಪಶು ಚಿಕಿತ್ಸಾ ವಾಹನದ ಉಚಿತ ಸಹಾಯವಾಣಿ. ಕಬ್ಬಿಣ ಕಾಯಿಸುವ ಮೊದಲು ಈ ನಾಲ್ಕು ಅಂಕಿ ಒತ್ತಿ.

ಫಾರ್ವರ್ಡ್‌ನ ಮಾತುಗಳು, ಒಂದೊಂದಾಗಿ

ಅಶೋಕ ಎಲ್ಲಾ ಪ್ರಾಣಿವಧೆ ನಿಷೇಧಿಸಿದ: ತಪ್ಪು. ಪಟ್ಟಿಯಲ್ಲಿದ್ದ ಜೀವಿಗಳು, ಹಾಲೂಡಿಸುವ ತಾಯಂದಿರು, ಎಳೆಯ ಮರಿಗಳು ಮತ್ತು ಕೆಲವು ದಿನಗಳಿಗೆ ಮಾತ್ರ ನಿಷೇಧ. ಯಜ್ಞಬಲಿ ಬೇಡವೆಂದದ್ದು ನಿಜ.

ಜಗತ್ತಿನ ಮೊದಲ ಪ್ರಾಣಿ ಆಸ್ಪತ್ರೆ ಕಟ್ಟಿಸಿದ: ಅರ್ಧ ಸತ್ಯ. ಪಶುಗಳಿಗೆ ಚಿಕಿತ್ಸೆ, ಔಷಧಿ ಗಿಡದ ಏರ್ಪಾಟು ಮಾಡಿದ್ದು ನಿಜ. ಆಸ್ಪತ್ರೆ, ಜಗತ್ತಿನ ಮೊದಲು ಎಂಬುದು ಆಮೇಲೆ ಸೇರಿಸಿದ್ದು.

ಸಾಕಿ ಮಾರುವುದು ಪಾಪವೆಂದ: ತಪ್ಪು. ಅಂಥ ಮಾತು ಅವನ ಯಾವ ಶಾಸನದಲ್ಲೂ ಇಲ್ಲ.

ಸಾಕ್ಷಿ ಕೊಪ್ಪಳದ ಬಂಡೆಯಲ್ಲಿದೆ: ತಪ್ಪು. ಬಂಡೆ ನಿಜ, ಅದರಲ್ಲಿರುವ ಮಾತು ಬೇರೆ.

ಆನೆಗೊಂದಿಯ ಆ ಓದುಗರಿಗೆ ನಮ್ಮ ಉತ್ತರ ಇಷ್ಟೇ. ನೀವು ಸಾಕುವುದು ತಪ್ಪಲ್ಲ. ಮರಿಗೆ ಗಿಣ್ಣು ಕುಡಿಸಿ, ನಾಯಿಗೆ ಎರಡು ಸೂಲಿನ ನಡುವೆ ಬಿಡುವು ಕೊಡಿ, ಎಂಟು ವಾರ ತುಂಬಿದ ಮೇಲೆ ಮರಿ ಮಾರಿ, ಕಾಯಿಲೆಗೆ ಬರೆ ಹಾಕಬೇಡಿ. ಮೊದಲ ಒಂದು ವರ್ಷ ತಾನೂ ಸರಿಯಾಗಿ ಪ್ರಯತ್ನ ಮಾಡಿರಲಿಲ್ಲ ಎಂದು ಚಕ್ರವರ್ತಿಯೇ ನಿಮ್ಮ ಜಿಲ್ಲೆಯ ಬಂಡೆಯಲ್ಲಿ ಬರೆಯಿಸಿದ್ದಾನೆ. ನಿನ್ನೆಯವರೆಗೆ ಗೊತ್ತಿರಲಿಲ್ಲ ಎಂದರೆ ಇವತ್ತಿನಿಂದ ಶುರು ಮಾಡಿದರಾಯಿತು.

ಆ ಫಾರ್ವರ್ಡ್ ನಿಮ್ಮ ಗುಂಪಿಗೂ ಬಂದಿದ್ದರೆ, ಕಳಿಸಿದವರನ್ನು ಬೈಯಬೇಡಿ. ಈ ಲೇಖನ ಕಳಿಸಿ. ಮನವೊಲಿಕೆಯೇ ಹೆಚ್ಚು ಕೆಲಸ ಮಾಡುತ್ತದೆ.